ಸಂಖ್ಯಾಶಾಸ್ತ್ರ ನಮ್ಮ ಕಣದಲ್ಲೇ ಇದೆ, ಪಾಠದಲ್ಲಿ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಶುರುವಾದ ಕೂಡಲೇ ನಿಮ್ಮ ಪತ್ರಿಕೆಯಲ್ಲಿ ದಿನಾ ಬರುವ ಮಳೆ ವಿವರವನ್ನು ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಮಡಿಕೇರಿ ಇಷ್ಟು, ನಾಪೋಕ್ಲು ಇಷ್ಟು, ಭಾಗಮಂಡಲ ಇಷ್ಟು, ಕುಶಾಲನಗರ ಇಷ್ಟು, ಕೊನೆಗೆ ಜಿಲ್ಲೆಯ ಸರಾಸರಿ ಇಷ್ಟು ಅಂತ. ಹೋದ ವರ್ಷದ ತುಂಡುಗಳೆಲ್ಲ ನನ್ನ ನೋಟ್ ಪುಸ್ತಕದಲ್ಲಿವೆ, ಅನ್ನದ ಅಗುಳಿನಲ್ಲಿ ಅಂಟಿಸಿದ್ದು. ಬಿಕಾಂನ ಬಿಸಿನೆಸ್ ಸ್ಟಾಟಿಸ್ಟಿಕ್ಸ್, ಅಂದರೆ ಸಂಖ್ಯಾಶಾಸ್ತ್ರದ ಪೇಪರ್ ನನ್ನ ತಲೆಗೆ ಒಂದಿಷ್ಟಾದರೂ ಹತ್ತಿದ್ದು ಆ ತುಂಡುಗಳಿಂದ. ಅದಕ್ಕೇ ಈ ಪತ್ರ ನಿಮಗೇ ಬರೆಯುತ್ತಿದ್ದೇನೆ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಚೆಕ್ ರೋಲ್ ಅನ್ನುವ ಹಾಜರಿ ಪುಸ್ತಕ, ವಾರದ ಬಟವಾಡೆ, ಗೊಬ್ಬರದ ಸ್ಟಾಕು, ಮಳೆ ಪುಸ್ತಕ ಎಲ್ಲ ನನ್ನದೇ. ಪಿಯುಸಿ ಆದ ಮೇಲೆ ಮದುವೆಯಾಯಿತು, ಓದು ನಿಂತಿತು. ಈಗ ಮಗಳು ಹತ್ತನೇ ತರಗತಿಗೆ ಬಂದಿದ್ದಾಳೆ. ನನಗೂ ಒಂದು ಡಿಗ್ರಿ ಬೇಕು ಅನ್ನಿಸಿ ಆನ್‌ಲೈನ್ ಬಿಕಾಂ ಸೇರಿದೆ. ಆನ್‌ಲೈನ್ ಡಿಗ್ರಿಗೆ ಬೆಲೆ ಇಲ್ಲ ಅಂತ ಸುಮಾರು ಜನ ಹೆದರಿಸಿದರು. ಮಾನ್ಯತೆ ಇರುವ ಕಡೆ ಓದಿದರೆ ಅದು ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೆ ಸಮ ಅಂತ ಯುಜಿಸಿ 2022ರಲ್ಲೇ ಹೇಳಿದೆ. ಆ ವಿಷಯದಲ್ಲಿ ನನಗೆ ಅನುಮಾನ ಇಲ್ಲ. ತೋಟ, ಮನೆ, ಮಗಳು ಎಲ್ಲ ನೋಡಿಕೊಂಡು ದಿನಾ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿಬರಲು ಆಗದ ನನ್ನಂಥವರಿಗೆ ಇದು ದೊಡ್ಡ ಬಾಗಿಲು. ಆದರೆ ಹೋದ ಸಲ ನನ್ನ ಒಂದೇ ಒಂದು ಪೇಪರ್ ಉಳಿಯಿತು. ಅದೇ ಸ್ಟಾಟಿಸ್ಟಿಕ್ಸ್.

ಈ ವಿಷಯ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಒಂದು ವರ್ಷ ಅದರ ಜೊತೆ ಗುದ್ದಾಡಿದ ಮೇಲೆ ನಾನು ಹೇಳುವುದು ಬೇರೆ. ವಿಷಯ ಕಷ್ಟ ಅಲ್ಲ. ನಮಗೆ ಗೊತ್ತಿರುವುದನ್ನೇ ಗೊತ್ತಿಲ್ಲದ ಹಾಗೆ ಕಲಿಸುತ್ತಾರೆ, ಕಷ್ಟ ಅಲ್ಲಿ ಬರುತ್ತದೆ.

ಮೊದಲ ಪಾಠದಲ್ಲಿ ಪಿಜ್ಜಾ ಮನೆಗೆ ತಲುಪಲು ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಒಂದು ಪಟ್ಟಿ. ಎರಡನೆಯದರಲ್ಲಿ ಕಾಲ್ ಸೆಂಟರ್. ಸಂಭವನೀಯತೆ ಪಾಠಕ್ಕೆ ಬಂದರೆ ಇಸ್ಪೀಟ್ ಎಲೆ. 52 ಎಲೆಯಲ್ಲಿ ಒಂದು ಎಲೆ ಎಳೆದರೆ ಅದು ರಾಜ ಆಗಿರುವ ಸಾಧ್ಯತೆ ಎಷ್ಟು, ಆಟೀನು ಆಗಿರುವ ಸಾಧ್ಯತೆ ಎಷ್ಟು ಅಂತ ಲೆಕ್ಕದ ಮೇಲೆ ಲೆಕ್ಕ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಇಸ್ಪೀಟ್ ಮುಟ್ಟಿದವರಲ್ಲ. ಒಂದು ಕಟ್ಟಿನಲ್ಲಿ ನಾಲ್ಕು ರಾಜರಿರುತ್ತಾರೆ, ಒಂದೊಂದು ಜಾತಿಗೆ 13 ಎಲೆ ಅಂತ ನಮ್ಮ ಮನೆಯವರನ್ನು ಕೇಳಿ ತಿಳಿದುಕೊಂಡು ಆಮೇಲೆ ಲೆಕ್ಕಕ್ಕೆ ಕೂರಬೇಕಾಯಿತು. ಇದೆಲ್ಲ ಇಂಗ್ಲಿಷಿನಲ್ಲಿ, ಓಡುವ ಇಂಗ್ಲಿಷಿನಲ್ಲಿ.

ಒಂದು ಸಂಜೆ ಮೀನ್, ಮೀಡಿಯನ್, ಮೋಡ್ ಅಂತ ಬಾಯಿಪಾಠ ಮಾಡುತ್ತಿದ್ದೆ. ಮಗಳು ಪಕ್ಕದಲ್ಲೇ ಕೂತು ಹೋಂವರ್ಕ್ ಬರೆಯುತ್ತಿದ್ದವಳು ತಲೆ ಎತ್ತಿ, "ಅಮ್ಮಾ, ಇದು ನಮ್ಮ ಪಾಠ ಅಲ್ವಾ?" ಅಂದಳು. ಅವಳ ಗಣಿತ ಪುಸ್ತಕ ತೆಗೆದು ತೋರಿಸಿದಳು. ಸರಾಸರಿ, ಮಧ್ಯಾಂಕ, ಬಹುಲಕ. ಹತ್ತನೇ ತರಗತಿಯಲ್ಲಿ ನಾನೂ ಓದಿದ್ದೆ, ಮರೆತೇ ಹೋಗಿತ್ತು. ಮೀಡಿಯನ್ ಅಂದಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಮಧ್ಯಾಂಕ ಅಂದ ಕೂಡಲೇ ಸಾಲಾಗಿ ನಿಂತವರಲ್ಲಿ ಸರಿಯಾಗಿ ನಡುವೆ ನಿಂತವರು ಕಾಣುತ್ತಾರೆ. ಹೆಸರಿನೊಳಗೇ ಅರ್ಥ ಇದೆ. ಪರೀಕ್ಷೆಗೆ ಇಂಗ್ಲಿಷ್ ಪದ ಬೇಕು, ಒಪ್ಪುತ್ತೇನೆ. ಆದರೆ ಒಂದು ಸಲ, ಒಂದೇ ಒಂದು ಸಲ, ಪಕ್ಕದಲ್ಲಿ ಕನ್ನಡದ ಪದವನ್ನೂ ಹೇಳಿದರೆ ಅವರ ಗಂಟೇನು ಹೋಗುತ್ತದೆ?

ಸಾಲಾಗಿ ನಿಂತವರು ಅಂದೆ. ಕಾಫಿ ಕುಯ್ಲಿನ ಸಮಯದಲ್ಲಿ ಸಂಜೆ ನಮ್ಮ ಕಣಕ್ಕೆ ಬಂದರೆ ಆ ಸಾಲು ನಿಜವಾಗಿಯೂ ಕಾಣುತ್ತದೆ. ಕೆಜಿ ಲೆಕ್ಕದಲ್ಲಿ ಕೊಯ್ಯುವವರು ಚೀಲ ಹೊತ್ತು ನಿಂತಿರುತ್ತಾರೆ, ಮೇಸ್ತ್ರಿ ತೂಗಿ ಕೂಗುತ್ತಾರೆ, ನಾನು ಬರೆಯುತ್ತೇನೆ. ಒಂದು ದಿನದ ಒಂಬತ್ತು ಹೆಸರುಗಳ ಮುಂದೆ ಹೀಗಿತ್ತು: 42, 45, 48, 50, 52, 55, 58, 60, ಆಮೇಲೆ 130. ಒಟ್ಟು 540 ಕೆಜಿ. ಒಂಬತ್ತರಿಂದ ಭಾಗಿಸಿದರೆ ಸರಾಸರಿ 60. ಸಾಹುಕಾರರು ಫೋನಿನಲ್ಲಿ ಕೇಳಿದರೆ "ತಲೆಗೆ 60 ಕೆಜಿ ಬಂದಿದೆ" ಅಂತ ನಾನು ವರ್ಷಗಟ್ಟಲೆ ಹೇಳುತ್ತಿದ್ದದ್ದು ಹೀಗೇ. ಆದರೆ ಪಟ್ಟಿ ನೋಡಿ. ಒಂಬತ್ತರಲ್ಲಿ 60 ದಾಟಿದ್ದು ಒಂದೇ ಹೆಸರು. ಆ 130 ಕೂಡ ಒಬ್ಬರದ್ದಲ್ಲ, ಗಂಡ ಹೆಂಡತಿ ಇಬ್ಬರ ಚೀಲ ಒಂದೇ ಹೆಸರಿಗೆ ತೂಗಿದ್ದು. ಮಧ್ಯಾಂಕ ನೋಡಿದರೆ 52. ದಿನವಿಡೀ ಇಳಿಜಾರಿನಲ್ಲಿ ನಿಂತು ಬೆನ್ನು ಬಗ್ಗಿಸಿ ಕೊಯ್ದವರ ನಿಜವಾದ ಲೆಕ್ಕ 52. ಮಾರನೇ ದಿನ ಯಾರಾದರೂ 53 ಕೆಜಿ ತಂದರೆ "ಸರಾಸರಿಗಿಂತ ಕಮ್ಮಿ" ಅಂತ ನಾನೇ ಮುಖ ಗಂಟು ಹಾಕಿದ್ದೂ ಉಂಟು. ಈ ಪಾಠ ಓದಿದ ಮೇಲೆ ಅದು ತಪ್ಪು ಅಂತ ಗೊತ್ತಾಯಿತು. ಈಗ ಸಾಹುಕಾರರಿಗೆ ಎರಡೂ ಸಂಖ್ಯೆ ಹೇಳುತ್ತೇನೆ.

ಮಳೆಗೂ ಇದೇ ಮಾತು. ಒಂದೇ ದಿನ ಭಾಗಮಂಡಲದಲ್ಲಿ ನೀರು ಬಂದು ನಾಪೋಕ್ಲು ರಸ್ತೆ ಮುಳುಗಿರುತ್ತದೆ, ಕುಶಾಲನಗರದಲ್ಲಿ ಅಂಗಳದಲ್ಲಿ ಬಟ್ಟೆ ಒಣಹಾಕಿರುತ್ತಾರೆ. ಎರಡನ್ನೂ ಸೇರಿಸಿ ಭಾಗಿಸಿದ ಜಿಲ್ಲಾ ಸರಾಸರಿ ಎರಡೂ ಊರಿನವರದ್ದಲ್ಲ. ನಮ್ಮ ಮಳೆ ಪುಸ್ತಕದಲ್ಲಿ ಇನ್ನೂ ಇಂಚು, ಸೆಂಟಿನಲ್ಲೇ ಬರೆಯುತ್ತೇವೆ, ನೂರು ಸೆಂಟಿಗೆ ಒಂದು ಇಂಚು. ಬೆಳಗ್ಗೆ ಮಳೆ ಮಾಪಕದ ನೀರು ಅಳೆದು "1 ಇಂಚು 20 ಸೆಂಟ್" ಅಂತ ಬರೆದಿಡುವುದು. ಮಾರ್ಚ್ ತಿಂಗಳಲ್ಲಿ ಒಟ್ಟು ಒಂದೂವರೆ ಇಂಚು ಮಳೆ ಅಂದರೆ ಕೇಳುವುದಕ್ಕೆ ಚೆನ್ನಾಗಿದೆ. ಅದು ಒಂದೇ ಸಂಜೆ ಬಿದ್ದರೆ ರೊಬಸ್ಟಾ ಗಿಡ ಬೆಳ್ಳಗೆ ಹೂ ಬಿಡುತ್ತದೆ. ಅದೇ ಒಂದೂವರೆ ಇಂಚು ಹತ್ತು ದಿನ 15 ಸೆಂಟಿನ ಹಾಗೆ ಉದುರಿದರೆ ಮೊಗ್ಗು ಕೆಡುತ್ತದೆ. ಒಟ್ಟು ಒಂದೇ, ಸರಾಸರಿ ಒಂದೇ, ಆದರೆ ಆ ವರ್ಷದ ಫಸಲೇ ಬೇರೆ. ಹೂ ಮಳೆಯ ಈ ಕತೆ ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಹಂಚಿಕೆ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗುತ್ತದೆ?

ಇನ್ನು ಮಾನಕ ವಿಚಲನೆ. ಸ್ಟ್ಯಾಂಡರ್ಡ್ ಡೀವಿಯೇಶನ್ ಅಂತಾರಲ್ಲ, ಅದು. ಸಂಖ್ಯೆಗಳು ಸರಾಸರಿಯಿಂದ ಎಷ್ಟು ದೂರ ಚದುರಿವೆ ಅಂತ ಅಳೆಯುವ ಲೆಕ್ಕ. ನನ್ನ ಪೇಪರ್ ಉಳಿದದ್ದು ಮುಖ್ಯವಾಗಿ ಇದರಲ್ಲಿ. ಸೂತ್ರ ಬಾಯಿಪಾಠ ಇತ್ತು. ಯಾಕೆ ಮಾಡುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಸ್ಯಾಂಪಲ್‌ನಲ್ಲಿ ಮೂರು ಸಂಖ್ಯೆ ಇದ್ದರೆ ಮೂರರಿಂದ ಭಾಗಿಸದೆ ಎರಡರಿಂದ ಯಾಕೆ ಭಾಗಿಸಬೇಕು? ವಿಡಿಯೋದಲ್ಲಿ "ಎನ್ ಮೈನಸ್ ಒನ್", ಅಂದರೆ ಎಣಿಕೆಗಿಂತ ಒಂದು ಕಮ್ಮಿ, ಅಂದು ಮುಂದೆ ಹೋದರು. ನಾನು ಅದೇ ವಿಡಿಯೋವನ್ನು ನಾಲ್ಕು ಸಲ ಹಿಂದಕ್ಕೆ ಎಳೆದು ನೋಡಿದೆ, ನಾಲ್ಕು ಸಲವೂ ಅಷ್ಟೇ ಹೇಳಿದರು.

ಕೊನೆಗೆ ಬಿಡಿಸಿ ಹೇಳಿದವರು ಭಾನುವಾರದ ಡೌಟ್ ಕ್ಲಾಸಿನ ಒಬ್ಬ ಮೇಷ್ಟ್ರು. ಎಲ್ಲರೂ ಸುಮ್ನೆ ಕೂತಿರುವುದು ನೋಡಿ ಅವರು ಕನ್ನಡಕ್ಕೆ ತಿರುಗಿದರು. "ಮೂರು ಜನ 90 ರೂಪಾಯಿ ಹಂಚಿಕೊಂಡಿದ್ದಾರೆ. ಒಬ್ಬರು ನನಗೆ 30 ಬಂತು ಅಂದರು. ಇನ್ನೊಬ್ಬರು 40 ಬಂತು ಅಂದರು. ಮೂರನೆಯವರನ್ನು ಕೇಳಬೇಕಾ?" ಬೇಡ, ಅವರಿಗೆ 20. ಅಷ್ಟೇ. ಸರಾಸರಿ ಒಂದು ಸಲ ಗೊತ್ತಾಯಿತು ಅಂದರೆ ಕೊನೆಯ ಸಂಖ್ಯೆಗೆ ತನ್ನಿಷ್ಟ ಬಂದ ಹಾಗೆ ಇರುವ ಸ್ವಾತಂತ್ರ್ಯ ಇರುವುದಿಲ್ಲ, ಉಳಿದ ಎರಡೇ ಅದನ್ನು ಹೇಳಿಬಿಡುತ್ತವೆ. ಅದಕ್ಕೇ ಎರಡು. ಐದು ನಿಮಿಷದ ಮಾತು. ಅಲ್ಲಿವರೆಗೆ ಖಾಲಿ ಇದ್ದ ಚಾಟ್ ಬಾಕ್ಸಿನಲ್ಲಿ ಒಂದರ ಹಿಂದೆ ಒಂದು ಪ್ರಶ್ನೆ ಬರತೊಡಗಿದವು, ಎಲ್ಲ ಕನ್ನಡದಲ್ಲಿ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದದ್ದು. ಅಂದರೆ ಅಷ್ಟೂ ಜನ ಇಷ್ಟು ದಿನ ನನ್ನ ಹಾಗೇ ಬಾಯಿ ಮುಚ್ಚಿಕೊಂಡು ಕೂತಿದ್ದರು. ಆ ಮೇಷ್ಟ್ರಿಗೆ ನಾನು ಯಾವತ್ತೂ ಋಣಿ.

ಆ ರಾತ್ರಿಯೇ ನಾನು ಔಟ್ ಟರ್ನ್ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿದೆ. ತೋಟದವರಿಗೆ ಗೊತ್ತು, ಹೊರಗಿನವರಿಗಾಗಿ ಹೇಳುತ್ತೇನೆ. 50 ಕೆಜಿ ಒಣ ಚೆರ್ರಿ ಚೀಲದ ಸಿಪ್ಪೆ ತೆಗೆಸಿದರೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದು ಔಟ್ ಟರ್ನ್. ವ್ಯಾಪಾರಿ ರೇಟು ಹೇಳುವುದೇ ಅದರ ಮೇಲೆ. ಇಡೀ ಲೋಡಿನ ಸಿಪ್ಪೆ ತೆಗೆದು ನೋಡಲು ಆಗುವುದಿಲ್ಲ, ಹಾಗಾಗಿ ಚೀಲಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ಚಿಕ್ಕ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ತೂಗಿ, ತೇವ ನೋಡಿ ಹೇಳುತ್ತಾರೆ. ಇದಕ್ಕೆ ನಾವೂ ಸ್ಯಾಂಪಲ್ ಅಂತಲೇ ಅನ್ನುತ್ತೇವೆ. ಒಂದು ಲಾಟಿನ ಮೂರು ಚೀಲದಲ್ಲಿ 26, 27, 28 ಬಂತು ಅಂತ ಇಟ್ಟುಕೊಳ್ಳಿ. ಇನ್ನೊಂದರಲ್ಲಿ 24, 27, 30. ಎರಡಕ್ಕೂ ಸರಾಸರಿ 27. ಮೊದಲನೆಯದರಲ್ಲಿ ಸರಾಸರಿಯಿಂದ ದೂರ 1, 0, 1. ವರ್ಗ ಮಾಡಿ ಕೂಡಿಸಿದರೆ 2, ಎರಡರಿಂದ ಭಾಗಿಸಿದರೆ 1, ಅದರ ವರ್ಗಮೂಲ 1. ಎರಡನೆಯದರಲ್ಲಿ 3, 0, 3. ವರ್ಗಗಳ ಮೊತ್ತ 18, ಭಾಗಿಸಿದರೆ 9, ವರ್ಗಮೂಲ 3. ಒಂದರ ವಿಚಲನೆ 1, ಇನ್ನೊಂದರದ್ದು 3. ಎರಡನೇ ಲಾಟಿನಲ್ಲಿ ವ್ಯಾಪಾರಿಯ ಕೈ ಯಾವ ಚೀಲಕ್ಕೆ ಹೋಗುತ್ತದೆ ಅನ್ನುವುದರ ಮೇಲೆ ನಮ್ಮ ವರ್ಷದ ದುಡಿಮೆ ನಿಂತಿದೆ. ಎದುರಿಗಿದ್ದ ಒಂದೇ ಚೀಲದಿಂದ ಒಂದು ಹಿಡಿ ತೆಗೆದು "24 ಅಷ್ಟೇ" ಅಂದರೆ ಮುಗಿಯಿತು. ನಮಗೂ ಒಂದು ಸಲ ಹಾಗಾಗಿದೆ. ಆಗ ನನಗೆ ಹೊಟ್ಟೆ ಉರಿಯಿತೇ ಹೊರತು ಏನು ಹೇಳಬೇಕು ಅಂತ ತಿಳಿಯಲಿಲ್ಲ. ಈಗ ಹೇಳುತ್ತೇನೆ: ಮೇಲಿನ ಸಾಲಿನದ್ದು, ಅಡಿಯದ್ದು, ಮಧ್ಯದ್ದು, ಎಲ್ಲ ಕಡೆಯಿಂದ ತೆಗೆಯಿರಿ, ಕಣ್ಣು ಹೋದ ಕಡೆ ತೆಗೆಯಬೇಡಿ. ಯಾದೃಚ್ಛಿಕ ಮಾದರಿ ಅನ್ನುವ ಕಠಿಣ ಪದದ ಹಿಂದೆ ಇರುವುದು ಇಷ್ಟೇ ನ್ಯಾಯ.

ಹೀಗೆ ಚಿಕ್ಕ ಚಿಕ್ಕ ಸ್ಯಾಂಪಲ್ ಇಟ್ಟುಕೊಂಡು ದೊಡ್ಡ ಮಾತು ಹೇಳುವುದು ಹೇಗೆ ಅಂತ ಕಂಡುಹಿಡಿದವರು ಕೂಡ ಬೆಳೆಯ ಜೊತೆ ಕೆಲಸ ಮಾಡಿದವರೇ. ವಿಲಿಯಂ ಗಾಸೆಟ್ ಅಂತ, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಇದ್ದವರು. ಬಾರ್ಲಿಯ ಗುಣ ನೋಡಲು ಅವರ ಕೈಗೆ ಸಿಗುತ್ತಿದ್ದದ್ದು ಕೆಲವೇ ಮಾದರಿ. ಕಂಪನಿಯವರು ಸ್ವಂತ ಹೆಸರಿನಲ್ಲಿ ಬರೆಯಲು ಬಿಡದ ಕಾರಣ 1908ರಲ್ಲಿ "ಸ್ಟೂಡೆಂಟ್" ಅನ್ನುವ ಹೆಸರಿನಲ್ಲಿ ಪ್ರಕಟಿಸಿದರು. ನಮ್ಮ ಸಿಲಬಸ್ಸಿನಲ್ಲಿ ಬರುವ, ಚಿಕ್ಕ ಸ್ಯಾಂಪಲ್‌ಗೆ ಬಳಸುವ ಸ್ಟೂಡೆಂಟ್ಸ್ ಟಿ ಅನ್ನುವ ಲೆಕ್ಕ ಅದೇ. ಬಾರ್ಲಿಯ ಜಾಗದಲ್ಲಿ ಕಾಫಿ ಇಟ್ಟು ನೋಡಿದರೆ ಅವರ ಕಷ್ಟ ನಮ್ಮ ಕಷ್ಟವೇ ಅಲ್ವಾ?

ನಮ್ಮವರೇ ಒಬ್ಬರ ಬಗ್ಗೆಯೂ ಪಾಠದಲ್ಲಿ ಒಂದು ಮಾತಿಲ್ಲ. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ. 1945ರಲ್ಲಿ, 25 ವಯಸ್ಸಿಗೇ, ಜಗತ್ತಿನ ಎಲ್ಲ ಸಂಖ್ಯಾಶಾಸ್ತ್ರ ಪುಸ್ತಕಗಳಲ್ಲಿ ಸೇರುವಂಥ ಪ್ರಬಂಧ ಬರೆದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗಳಿಗೆ ಹೇಳಿದರೆ "ಹೌದಾ, ನಮ್ಮ ಹಡಗಲಿಯಾ?" ಅಂತ ಎರಡು ಸಲ ಕೇಳಿದಳು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಹುಟ್ಟುಹಬ್ಬ ಜೂನ್ 29ನ್ನು ದೇಶದಲ್ಲಿ ಸಂಖ್ಯಾಶಾಸ್ತ್ರ ದಿನ ಅಂತ ಆಚರಿಸುತ್ತಾರೆ. ಆ ದಿನವಾದರೂ ಇಂಥವರ ಬಗ್ಗೆ ನೀವು ನಾಲ್ಕು ಸಾಲು ಹಾಕಿದರೆ ಇಲ್ಲಿನ ಮಕ್ಕಳು ಓದುತ್ತಾರೆ.

ಬೆಲೆ ಎಷ್ಟು ಏರಿತು ಅಂತ ಅಳೆಯುವ ಸೂಚ್ಯಂಕದ ಪಾಠವೂ ಹಾಗೆಯೇ. ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿಯ ಜೊತೆ ತುಟ್ಟಿಭತ್ಯೆ ಇಷ್ಟು ಪಾಯಿಂಟ್ ಏರಿದೆ ಅಂತ ಆದೇಶ ಬರುತ್ತದೆ, ನಾನು ಬಟವಾಡೆ ಪುಸ್ತಕದಲ್ಲಿ ಹೊಸ ರೇಟು ಬರೆಯುತ್ತೇನೆ. ಆ ಪಾಯಿಂಟ್ ಎಲ್ಲಿಂದ ಉದುರುತ್ತದೆ ಅಂತ ಇಷ್ಟು ವರ್ಷ ಕೇಳಿಕೊಂಡವಳೇ ಅಲ್ಲ. ಒಂದು ದುಡಿಯುವ ಮನೆಯ ಅಕ್ಕಿ, ಬೇಳೆ, ಬಾಡಿಗೆ, ಬಸ್ ಚಾರ್ಜು, ಬಟ್ಟೆ ಎಲ್ಲ ಒಂದು ಬುಟ್ಟಿಯಲ್ಲಿಟ್ಟು, ಯಾವುದಕ್ಕೆ ಜಾಸ್ತಿ ಖರ್ಚೋ ಅದಕ್ಕೆ ಜಾಸ್ತಿ ತೂಕ ಕೊಟ್ಟು, ಆಧಾರ ವರ್ಷದ ಬೆಲೆಯನ್ನು 100 ಅಂತ ಹಿಡಿದು ಲೆಕ್ಕ ಹಾಕುತ್ತಾರೆ. ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಈಗ 2016 ಆಧಾರ ವರ್ಷ. ಅದಕ್ಕೂ ಹಿಂದಿನ 2001ರ ಸರಣಿಯಲ್ಲಿ ದೇಶದ ಬೆಲೆ ಸಂಗ್ರಹಿಸುವ ಊರುಗಳ ಪಟ್ಟಿಯಲ್ಲಿ ನಮ್ಮ ಮಡಿಕೇರಿಯೂ ಇತ್ತು, ಮರ್ಕೆರಾ ಅನ್ನುವ ಹಳೇ ಹೆಸರಿನಲ್ಲಿ. ಮಡಿಕೇರಿಯ ಅಂಗಡಿಯ ಅಕ್ಕಿ ಬೆಲೆ ದೇಶದ ಲೆಕ್ಕದಲ್ಲಿ ಸೇರುತ್ತಿತ್ತು ಅಂತ ಓದಿದಾಗ ನನಗೆ ಆದ ಸಂತೋಷ ಹೇಳಲು ಆಗುವುದಿಲ್ಲ. ಪಾಠದಲ್ಲಿ ಇದ್ದದ್ದು "ಎ, ಬಿ, ಸಿ, ಡಿ ಎಂಬ ನಾಲ್ಕು ಸರಕು".

ಈಗ ಪರೀಕ್ಷೆಯ ವಿಷಯ. ಇದನ್ನು ಹೇಳದೆ ಇರಲು ಆಗುವುದಿಲ್ಲ. ಹೋದ ಜುಲೈಯಲ್ಲಿ ಒಂದು ಸಂಜೆ ಕ್ವಿಜ್ ಇತ್ತು. 20 ಪ್ರಶ್ನೆ, 30 ನಿಮಿಷ. ಎರಡು ದಿನದಿಂದ ಗಾಳಿ ಮಳೆ. ಕರೆಂಟ್ ಬೆಳಗ್ಗೆಯೇ ಹೋಗಿತ್ತು, ಇನ್ವರ್ಟರ್‌ನಲ್ಲಿ ಉಳಿದ ಚಾರ್ಜ್ ಈ ಪರೀಕ್ಷೆಗೇ ಇರಲಿ ಅಂತ ಮನೆಯಲ್ಲಿ ಒಂದು ಬಲ್ಬ್ ಕೂಡ ಹಾಕಿರಲಿಲ್ಲ. 13 ಪ್ರಶ್ನೆ ಮುಗಿಸಿದೆ. 14ನೆಯದು ಅರ್ಧ ಬಂದು ನಿಂತಿತು, ಪರದೆಯ ಮೇಲೆ ಆ ಗುಂಡು ಸುಮ್ನೆ ಸುತ್ತುತ್ತಿತ್ತು. ನಮ್ಮ ಮನೆಯ ಹಲಸಿನ ಮರದ ಹತ್ತಿರ ನಿಂತರೆ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಮಗಳು ಕೊಡೆ ಹಿಡಿದಳು, ನಾನು ಫೋನ್ ಸೆರಗಿನಲ್ಲಿ ಸುತ್ತಿಕೊಂಡು ಓಡಿದೆ. ಮತ್ತೆ ತೆರೆದಾಗ "ನಿಮ್ಮ ಉತ್ತರ ಸಲ್ಲಿಕೆಯಾಗಿದೆ" ಅಂತ ಬಂತು. ಸಹಾಯ ಕೇಳಿ ಬರೆದೆ. ನೀವು ಪರೀಕ್ಷೆ ಪೂರ್ಣಗೊಳಿಸಿದ್ದೀರಿ ಅಂತ ನಮ್ಮ ದಾಖಲೆ ತೋರಿಸುತ್ತಿದೆ ಅಂತ ಉತ್ತರ ಬಂತು. ಆಮೇಲೆ ಮತ್ತೆ ಬರೆದರೂ ಅದೇ ಉತ್ತರ.

ಯಾವ ಸಂಸ್ಥೆ ಅಂತ ನಾನು ಹೆಸರು ಹೇಳುವುದಿಲ್ಲ. ಯಾರನ್ನೋ ದೂರಿ ನನಗೆ ಆಗಬೇಕಾದ್ದೇನಿಲ್ಲ. ಆದರೆ ಸಂಖ್ಯಾಶಾಸ್ತ್ರ ಕಲಿಸುವವರಿಗೇ ನಾನು ಕೇಳುವುದು: ನಿಮ್ಮ ಸರಾಸರಿ ವಿದ್ಯಾರ್ಥಿಗೆ 30 ನಿಮಿಷ ಸಾಕು, ಸರಿ. ಸರಾಸರಿಯಿಂದ ದೂರ ಇರುವವರು ಎಷ್ಟು ಜನ, ಎಷ್ಟು ದೂರ ಅಂತ ನೋಡಿದ್ದೀರಾ? ಜೂನ್ ಬಂದರೆ ನಮ್ಮಲ್ಲಿ ಕೊಡೆ ಮಾರಾಟವೂ ಜಾಸ್ತಿ, ಕರೆಂಟ್ ಹೋಗುವುದೂ ಜಾಸ್ತಿ. ಕೊಡೆಯಿಂದ ಕರೆಂಟ್ ಹೋಗುವುದಿಲ್ಲ, ಎರಡಕ್ಕೂ ಮಳೆಯೇ ಕಾರಣ ಅಂತ ನೀವೇ ಸಹಸಂಬಂಧದ ಪಾಠದಲ್ಲಿ ಕಲಿಸಿದ್ದೀರಿ. ಹಾಗೆಯೇ ಕೊಡಗಿನ ವಿದ್ಯಾರ್ಥಿಗಳ ಅಂಕ ಜುಲೈ ಪರೀಕ್ಷೆಯಲ್ಲಿ ಇಳಿದಿದ್ದರೆ ಕಾರಣ ಎಲ್ಲಿದೆ ಅಂತ ದಯವಿಟ್ಟು ಹುಡುಕಿ.

ಒಂದೇ ಸಂಜೆ, ಒಂದೇ ಗಂಟೆ ಅನ್ನುವ ಬದಲು ನಾಲ್ಕೈದು ದಿನದಲ್ಲಿ ಯಾವಾಗ ಬೇಕಾದರೂ ಬರೆಯಲು ಬಿಡಬಹುದು, ಕರೆಂಟ್ ಹೋದರೆ ಉಳಿದ ಪ್ರಶ್ನೆಗಳನ್ನು ಮತ್ತೆ ತೆರೆಯಬಹುದು. ವಿಡಿಯೋಗಳ ಜೊತೆ ಬರೀ ಧ್ವನಿಯ ಫೈಲ್, ಮುದ್ರಿಸಿಕೊಳ್ಳುವ ನೋಟ್ಸ್ ಕೊಟ್ಟರೆ ಸಿಗ್ನಲ್ ಇದ್ದಾಗ ಇಳಿಸಿಕೊಂಡು ಕತ್ತಲಲ್ಲೂ ಓದುತ್ತೇವೆ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಿದೆ. ಕಂಪ್ಯೂಟರ್ ಇರುವ ಕಡೆ ಒಂದು ಬ್ಯಾಟರಿ ವ್ಯವಸ್ಥೆ ಮಾಡಿ, ಪರೀಕ್ಷೆಯ ದಿನ ಆನ್‌ಲೈನ್ ಓದುವವರಿಗೆ ಎರಡು ಗಂಟೆ ಕೂರಲು ಬಿಟ್ಟರೆ ದೊಡ್ಡ ಉಪಕಾರ. ಇದನ್ನು ಪಂಚಾಯಿತಿಯವರು, ಶಾಸಕರು ಓದಲಿ ಅಂತಲೂ ಪತ್ರಿಕೆಗೆ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಮುಖ್ಯ ಆ ಭಾನುವಾರದ ಮೇಷ್ಟ್ರಂತೆ ಕನ್ನಡದಲ್ಲಿ ಬಿಡಿಸಿ ಹೇಳುವವರು. ವಾರಕ್ಕೆ ಒಂದು ಗಂಟೆ ಸಾಕು. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರಿದ್ದಾರೆ, ಅರೆಭಾಷೆ, ಮಲಯಾಳ, ತುಳು ಆಡುವವರಿದ್ದಾರೆ. ಆದರೆ ಸಂತೆಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಎಲ್ಲರಿಗೂ ಲೆಕ್ಕದ ಮಾತು ಕನ್ನಡದಲ್ಲೇ.

ನಿಮಗೂ ಒಂದು ಕೋರಿಕೆ. ಮಳೆ ವಿವರದ ಕೊನೆಯಲ್ಲಿ ಜಿಲ್ಲಾ ಸರಾಸರಿಯ ಪಕ್ಕದಲ್ಲೇ ಅತಿ ಹೆಚ್ಚು ಎಲ್ಲಿ, ಅತಿ ಕಮ್ಮಿ ಎಲ್ಲಿ ಅಂತ ಒಂದು ಸಾಲು ಹಾಕಿ. ಆಗುವುದಾದರೆ ಮಧ್ಯಾಂಕವನ್ನೂ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡವರು ನಾವು. ಸರಾಸರಿ ಒಂದನ್ನೇ ನೋಡಿ ನೆಮ್ಮದಿಯಾಗಿ ಮಲಗುವ ಜಿಲ್ಲೆ ನಮ್ಮದಲ್ಲ.

ನನ್ನ ಉಳಿದ ಪೇಪರ್ ಮತ್ತೆ ಈ ಜುಲೈ ಕೊನೆಯ ವಾರದಲ್ಲಿದೆ. ಈ ಸಲ ಎರಡು ದಿನ ರಜೆ ಕೇಳಿದ್ದೇನೆ, ಸಾಹುಕಾರರು ಒಪ್ಪಿದ್ದಾರೆ. ಕುಶಾಲನಗರದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿ ಬರೆಯುತ್ತೇನೆ, ಅಲ್ಲಿ ಮಳೆ ಕಮ್ಮಿ. ಮಳೆ ತುಂಡುಗಳ ನೋಟ್ ಪುಸ್ತಕವನ್ನೂ ಜೊತೆಗೆ ಒಯ್ಯುತ್ತಿದ್ದೇನೆ.

ಇಂತಿ,
ಬಿಕಾಂ ಓದುತ್ತಿರುವ ಒಬ್ಬ ತೋಟದ ಲೆಕ್ಕದವಳು
ಸುಂಟಿಕೊಪ್ಪ, ಕೊಡಗು